ಅರ್ಧ ಪೆಟ್ಟಿಗೆಯ ಲೆಕ್ಕ

2018ರ ಆಗಸ್ಟ್ 20ರ ಸೋಮವಾರ ಹಿಡಿದ ಮಳೆ ರಾತ್ರಿ ಕಳೆದರೂ ಬಿಡಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನಾವು ವಾಸವಾಗಿರುವ ಮ್ಯಾಡಿಸನ್ ನಗರದ ಪಶ್ಚಿಮಕ್ಕಿರುವ ಕೆಲವು ಊರುಗಳಲ್ಲಿ 24 ಗಂಟೆಗಳೊಳಗೆ 10 ಅಂಗುಲಕ್ಕೂ ಹೆಚ್ಚು ನೀರು ಸುರಿಯಿತು. ನಾನು ಹುಟ್ಟಿ ಬೆಳೆದ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯ ಸುಮಾರು ಮೂರನೆಯ ಒಂದು ಪಾಲು ಅಲ್ಲಿ ಒಂದೇ ದಿನದಲ್ಲಿ ಬಿದ್ದಿತ್ತು. ಆ ವಾರದ ಗುರುವಾರ ಸಂಜೆ, ಎಂದಿನಂತೆ, ನಮ್ಮ ಬಡಾವಣೆಯ ಒಂದು ಮನೆಯ ಜಗಲಿಗೆ ತರಕಾರಿ ಪೆಟ್ಟಿಗೆಯನ್ನು ತರಲು ಹೋದೆ. ಬಿತ್ತನೆಗೆ ಮೊದಲೇ ಒಂದು ತೋಟಕ್ಕೆ ಹಣ ಕೊಟ್ಟು, ಅಲ್ಲಿ ಬೆಳೆದದ್ದರಲ್ಲಿ ನಮ್ಮ ಪಾಲನ್ನು ವಾರವಾರ ಪಡೆಯುವ ಪದ್ಧತಿಯ ಪೆಟ್ಟಿಗೆ ಅದು. ಆ ಕಾಲದಲ್ಲಿ ಪೆಟ್ಟಿಗೆಯ ಮುಚ್ಚಳ ಕೂರದಷ್ಟು ಟೊಮೆಟೊ, ಜೋಳದ ತೆನೆ, ದೊಣ್ಣೆಮೆಣಸಿನಕಾಯಿ, ಕರಬೂಜ ಇರಬೇಕಾಗಿತ್ತು. ಅಂದು ಅದರಲ್ಲಿ ಇದ್ದದ್ದು ಏಳೆಂಟು ಈರುಳ್ಳಿ, ಒಂದು ಹಿಡಿ ಆಲೂಗಡ್ಡೆ, ಎರಡು ಬೆಳ್ಳುಳ್ಳಿ ಗಡ್ಡೆ ಮತ್ತು ಒಡೆದುಹೋಗಿದ್ದ ನಾಲ್ಕು ಟೊಮೆಟೊ. ಮೇಲೆ ಒಂದು ಹಾಳೆಯ ಪತ್ರ ಇತ್ತು. ಹೊಳೆಯ ಪಕ್ಕದ ಹೊಲದಲ್ಲಿ ಎರಡು ದಿನ ನೀರು ನಿಂತಿದೆ, ಪ್ರವಾಹದ ನೀರು ತಾಗಿದ ಸೊಪ್ಪು ತರಕಾರಿಯನ್ನು ತಿನ್ನಲು ಕೊಡುವಂತಿಲ್ಲ, ಕೊಯ್ಲಿಗೆ ಬಂದಿದ್ದ ಬಹುಪಾಲು ಬೆಳೆಯನ್ನು ಉತ್ತುಬಿಡುತ್ತೇವೆ, ಮುಂದಿನ ವಾರಗಳ ಪೆಟ್ಟಿಗೆಗಳೂ ಚಿಕ್ಕದಾಗಿರುತ್ತವೆ ಎಂದು ರೈತ ದಂಪತಿ ಬರೆದಿದ್ದರು.

ಜಗಲಿಯ ಮೇಲೆ ಐದಾರು ಮಂದಿ ನಿಂತು ಅದೇ ಪತ್ರವನ್ನು ಓದುತ್ತಿದ್ದರು. ಯಾರೂ ಜೋರಾಗಿ ಮಾತನಾಡಲಿಲ್ಲ. ಓದಿ ಮುಗಿಸಿದವರು ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಗುರುತು ಹಾಕಿ, ಹಗುರವಾದ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೊರಟರು. ಒಬ್ಬ ವೃದ್ಧೆ ತನ್ನ ಪಾಲಿನ ಬೆಳ್ಳುಳ್ಳಿಯನ್ನು, ಬೇಡವಾದದ್ದನ್ನು ಬಿಟ್ಟು ಬೇಕಾದದ್ದನ್ನು ಎತ್ತಿಕೊಳ್ಳಲೆಂದು ಇಟ್ಟಿರುವ ಡಬ್ಬದಲ್ಲಿ ಹಾಕಿ, ಬದಲಿಗೆ ಏನನ್ನೂ ತೆಗೆದುಕೊಳ್ಳದೆ ಹೋದಳು. ನಾನು ಕಾರಿನಲ್ಲಿ ಕುಳಿತು ಮಾಡಿದ ಮೊದಲ ಕೆಲಸವೆಂದರೆ ಲೆಕ್ಕ. ಫೆಬ್ರವರಿಯಲ್ಲಿ, ಹೊಲದ ಮೇಲೆ ಇನ್ನೂ ಹಿಮ ಬಿದ್ದಿರುವಾಗ, 20 ವಾರಗಳ ಪಾಲಿಗೆಂದು ಸುಮಾರು 600 ಡಾಲರ್ ಕೊಟ್ಟಿದ್ದೆವು. ವಾರಕ್ಕೆ 30 ಡಾಲರ್ ಆಯಿತು. ಈ ಪೆಟ್ಟಿಗೆಯಲ್ಲಿ ಇರುವುದು ಹತ್ತು ಡಾಲರಿನದೂ ಇಲ್ಲ. ಉಳಿದ ಹಣವನ್ನು ಅವರು ಹಿಂದಿರುಗಿಸುತ್ತಾರೆಯೇ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಎದ್ದಿತು. ಟೊಮೆಟೊ ಬೆಳೆದು ಕೈಸುಟ್ಟುಕೊಂಡ ಮನೆಯಲ್ಲಿ ಹುಟ್ಟಿದ ನನಗೆ ಆ ಪ್ರಶ್ನೆ ಎದ್ದಿತಲ್ಲ ಎಂಬುದು ಅಂದಿನಿಂದ ಇಂದಿನವರೆಗೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದರ ಬೆನ್ನುಹತ್ತಿ ಹೋದದ್ದು.

ಹರಾಜಿನ ಬೆಳಗು

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಊರು. ನದಿಯಿಲ್ಲ, ನಾಲೆಯಿಲ್ಲ, ಕೆರೆ ತುಂಬಿದ ವರ್ಷ ಭತ್ತ, ಇಲ್ಲದಿದ್ದರೆ ರಾಗಿ, ಅವರೆ, ಹುರುಳಿ. ಕೊಳವೆಬಾವಿ ಬಂದ ಮೇಲೆ ಟೊಮೆಟೊ ಬಂದಿತು. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಹಣ ಕಾಣಿಸುವ ಬೆಳೆ ಬೇರೆ ಯಾವುದಿತ್ತು? ಅಪ್ಪ ನೀಲಗಿರಿ ಕಡ್ಡಿ ನೆಟ್ಟು, ಗಿಡಗಳನ್ನು ದಾರದಲ್ಲಿ ಎತ್ತಿ ಕಟ್ಟಿ, ವಾರಕ್ಕೊಮ್ಮೆ ಔಷಧಿ ಹೊಡೆದು, ರಾತ್ರಿ ಕರೆಂಟು ಬರುವ ಹೊತ್ತಿಗೆ ಎದ್ದು ಹೋಗಿ ನೀರು ಹಾಯಿಸಿ ಬೆಳೆಸುತ್ತಿದ್ದರು. ನಾನು ಆರನೆಯ ತರಗತಿಯಲ್ಲಿದ್ದಾಗ, ಬೇಸಿಗೆ ರಜೆಯ ಒಂದು ರಾತ್ರಿ, ಹಟ ಹಿಡಿದು ಅವರ ಜೊತೆ ಟೆಂಪೋದಲ್ಲಿ ಕೋಲಾರದ ಮಾರುಕಟ್ಟೆಗೆ ಹೋಗಿದ್ದೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಕಣ್ಣು ಹಾಯುವವರೆಗೂ ಕೆಂಪು ಪೆಟ್ಟಿಗೆಗಳ ಸಾಲು, ಕೊಳೆತ ಹಣ್ಣಿನ ಹುಳಿ ವಾಸನೆ, ಲಾರಿಗಳ ಡೀಸೆಲ್ ಹೊಗೆ, ಇವಿಷ್ಟೇ ನೆನಪು.

ಬೆಳಕು ಹರಿದ ಮೇಲೆ ಹರಾಜು ನಮ್ಮ ಸಾಲಿಗೆ ಬಂದಿತು. ಮಂಡಿಯ ಕಡೆಯವನೊಬ್ಬ ಪೆಟ್ಟಿಗೆಗಳ ಪಕ್ಕದಲ್ಲಿ ನಡೆಯುತ್ತಾ ಬೆಲೆ ಕೂಗುತ್ತಿದ್ದ. ಅವನ ಹಿಂದೆ ಹೊರರಾಜ್ಯದ ವ್ಯಾಪಾರಿಗಳ ಗುಂಪು ಇತ್ತು. ನಮ್ಮ 80 ಪೆಟ್ಟಿಗೆಗಳ ಮುಂದೆ ಅವರು ನಿಂತದ್ದು ಒಂದು ನಿಮಿಷವೂ ಇರಲಾರದು. 15 ಕೆಜಿಯ ಪೆಟ್ಟಿಗೆಗೆ 20 ರೂಪಾಯಿ ಎಂದಾಯಿತು. ಅಪ್ಪ ಬಾಯಿ ತೆರೆಯಲಿಲ್ಲ. ಅಲ್ಲಿ ಬೆಳೆದವನು ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ. ಬಿಡಿಸಿದ ಆಳುಗಳ ಕೂಲಿ, ಟೆಂಪೋ ಬಾಡಿಗೆ, ಮಂಡಿಯ ಕಮಿಷನ್, ನಾಟಿಗೆ ಮೊದಲು ಅದೇ ಮಂಡಿಯಿಂದ ತಂದಿದ್ದ ಮುಂಗಡದ ಕಂತು ಎಲ್ಲವನ್ನೂ ಮುರಿದುಕೊಂಡ ಚೀಟಿಯನ್ನು ಕೈಗೆ ಕೊಟ್ಟಾಗ ಉಳಿದ ಹಣದಲ್ಲಿ ಅಪ್ಪ ನನಗೆ ಇಡ್ಲಿ ಕೊಡಿಸಿದರು, ತಾವು ಟೀ ಮಾತ್ರ ಕುಡಿದರು. ಮುಂದಿನ ಬಿಡಿಸುವಿಕೆಗೆ ಆಳನ್ನು ಕರೆಯಲಿಲ್ಲ. ಹಣ್ಣು ಗಿಡದಲ್ಲೇ ಉಳಿಯಿತು. ಊರಿನ ದನಗಳನ್ನು ಹೊಲಕ್ಕೆ ಬಿಟ್ಟರು. ಅಮ್ಮ ಎರಡು ವಾರ ಮೂರು ಹೊತ್ತೂ ಟೊಮೆಟೊ ಗೊಜ್ಜು ಮಾಡಿದರು.

ಈಗ ಎಲ್ಲೆಡೆ ಕೇಳಿಬರುವ ‘ಸ್ಥಳೀಯ ಆಹಾರ’ ಎಂಬ ಮಾತನ್ನು ಓದುವಾಗಲೆಲ್ಲ ನನಗೆ ಆ ಬೆಳಗು ನೆನಪಾಗುತ್ತದೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಅಪ್ಪ ಬೆಳೆದ ಟೊಮೆಟೊದಲ್ಲಿ ಒಂದು ಭಾಗವನ್ನು ಬೆಂಗಳೂರಿನವರು ತಿಂದಿದ್ದಾರೆ, ಮರುದಿನವೇ ತಿಂದಿದ್ದಾರೆ. ದೂರವನ್ನು ಅಳೆದು ನೋಡಿದರೆ ಅದಕ್ಕಿಂತ ಸ್ಥಳೀಯವಾದ, ತಾಜಾ ಆದ ಆಹಾರ ಇರಲಾರದು. ಆದರೂ ಅಪ್ಪನಿಗೆ ಗಿರಾಕಿ ಎಂಬುವರು ಒಬ್ಬರೂ ಇರಲಿಲ್ಲ. ಅವರ ಹಣ್ಣು ತಿಂದವರಿಗೆ ಅವರ ಊರು ಗೊತ್ತಿರಲಿಲ್ಲ; ಆ ವರ್ಷ ಅವರ ಹೊಲಕ್ಕೆ ದನ ಬಿಟ್ಟದ್ದೂ ಗೊತ್ತಿರಲಿಲ್ಲ. ಟೊಮೆಟೊಗೆ ಗ್ರಾಹಕ ಕೊಡುವ ರೂಪಾಯಿಯಲ್ಲಿ ಬೆಳೆದವನ ಕೈಗೆ ಸೇರುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು ಹೇಳಿತು. ಆ ಲೆಕ್ಕದಲ್ಲಿ ಹಂಚಿಹೋದ ಹಣವಷ್ಟೇ ಇದೆ. ಹೊಲದಲ್ಲೇ ಉಳಿದ ಹಣ್ಣಿನ ನಷ್ಟ ಯಾರ ತಲೆಯ ಮೇಲೆ ಬಿತ್ತು ಎಂಬುದು ಅದರಲ್ಲಿ ಇಲ್ಲ. ಅದು ಪೂರ್ತಿಯಾಗಿ ಒಬ್ಬನ ತಲೆಯ ಮೇಲೆಯೇ ಬೀಳುತ್ತದೆ.

ಚೌಕದ ಸಂತೆ

ಮ್ಯಾಡಿಸನ್ನಿಗೆ ಬಂದ ಹೊಸತರಲ್ಲಿ ನನ್ನನ್ನು ಸೆಳೆದದ್ದು ಶನಿವಾರದ ಸಂತೆ. ರಾಜ್ಯದ ಶಾಸನಸಭೆಯ ಬಿಳಿ ಗುಮ್ಮಟದ ಸುತ್ತಲಿನ ನಾಲ್ಕು ಬೀದಿಗಳಲ್ಲಿ 1972ರಿಂದ ಏಪ್ರಿಲ್‌ನಿಂದ ನವೆಂಬರ್‌ವರೆಗೆ ನಡೆದುಕೊಂಡು ಬಂದಿರುವ ಈ ಸಂತೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಮಾರುವವರು ಬೆಳೆದವರೇ ಆಗಿರಬೇಕು, ವಿಸ್ಕಾನ್ಸಿನ್ ರಾಜ್ಯದಲ್ಲೇ ಬೆಳೆದಿರಬೇಕು. ಬೇರೆಯವರಿಂದ ಕೊಂಡು ತಂದು ಮಾರುವುದಕ್ಕೆ ಅಲ್ಲಿ ಜಾಗವಿಲ್ಲ. ಜನ ಆ ಚೌಕವನ್ನು ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಮೊದಲ ದಿನ ನಾನು ಬಲಗಡೆಯಿಂದ ಹೊರಟು ಎದುರಿನಿಂದ ಬರುವವರ ನಡುವೆ ಸಿಕ್ಕಿಕೊಂಡಿದ್ದೆ. ಎರಡನೆಯ ಮೂಲೆಯಲ್ಲಿ ಒಬ್ಬ ಮ್ಹಾಂಗ್ ಅಜ್ಜಿಯ ಮೇಜಿನ ಮೇಲೆ ಹಾಗಲಕಾಯಿ, ಗಿಡ್ಡನೆಯ ಖಾರದ ಮೆಣಸಿನಕಾಯಿ, ಕುಂಬಳದ ಕುಡಿ, ಅವುಗಳ ಪಕ್ಕದಲ್ಲಿ ಕೆಂಪು ದಂಟಿನ ಸೊಪ್ಪು ಕಾಣಿಸಿತು. ಲಾವೋಸಿನ ಯುದ್ಧದ ನಂತರ ನಿರಾಶ್ರಿತರಾಗಿ ಬಂದ ಮ್ಹಾಂಗ್ ಜನರು ಕ್ಯಾಲಿಫೋರ್ನಿಯಾ, ಮಿನ್ನೆಸೋಟ ಬಿಟ್ಟರೆ ಅತಿ ಹೆಚ್ಚಾಗಿ ನೆಲೆಸಿರುವುದು ಈ ರಾಜ್ಯದಲ್ಲಿ. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಎರಡು ಕಂತೆ ದಂಟಿನ ಸೊಪ್ಪನ್ನು ಎತ್ತಿಕೊಂಡಾಗ ಆಕೆ ಮೂರನೆಯದನ್ನು ತಾನಾಗಿಯೇ ಚೀಲಕ್ಕೆ ಹಾಕಿದಳು. ಕೊಸರು ಕೊಡುವುದು ಲಾವೋಸಿನಲ್ಲಿಯೂ ಇದ್ದಿರಬೇಕು.

ಆ ಸಂತೆಯ ಮೇಲೆ ನನಗೆ ಪ್ರೀತಿ ಇದೆ. ಅಪ್ಪನಿಗೆ ದಕ್ಕದೇ ಹೋದ ಒಂದು ಅಧಿಕಾರ, ತನ್ನ ಮಾಲಿನ ಬೆಲೆಯನ್ನು ತಾನೇ ಹೇಳುವ ಅಧಿಕಾರ, ಅಲ್ಲಿ ಬೆಳೆದವರ ಕೈಯಲ್ಲಿದೆ. ಆದರೂ ಮಳೆ ಬಿದ್ದ ಒಂದು ಶನಿವಾರ ಚೌಕದಲ್ಲಿ ಜನವಿಲ್ಲದಾಗ, ಆ ಅಜ್ಜಿ ಬಾಡಿದ ಕಂತೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿ ವ್ಯಾನಿಗೆ ಏರಿಸುವುದನ್ನು ನೋಡಿದೆ. ನಸುಕಿಗೆ ಮೊದಲೇ ಎದ್ದು, ಕೊಯ್ದು, ತೊಳೆದು, ಕಟ್ಟಿ ತಂದ ಸೊಪ್ಪು ಅದು. ಬೆಲೆ ಹೇಳುವ ಬಾಯಿ ಆಕೆಯದೇ ಆದರೂ, ಮಾರದೆ ಉಳಿದದ್ದರ ಹೊರೆಯೂ ಆಕೆಯದೇ ಆಗಿತ್ತು. ನಾನೂ ಅಂದು ಮಳೆ ಎಂದು ತಡವಾಗಿ ಹೋದವಳು, ಒಂದೇ ಕಂತೆ ಕೊಂಡವಳು. ಕೊಳ್ಳುವವರು ಬಂದರೆ ಬಂದರು, ಬರದಿದ್ದರೆ ಇಲ್ಲ. ಸಂತೆಯಲ್ಲಿ ನಮ್ಮನ್ನು ಕಟ್ಟಿಹಾಕುವ ಮಾತು ಯಾವುದೂ ಇರುವುದಿಲ್ಲ.

ಪಾಲು ಎಂಬ ಮಾತು

ಪೆಟ್ಟಿಗೆಯ ಪದ್ಧತಿಗೆ ಸೇರಿದ್ದು ಸಹೋದ್ಯೋಗಿಯೊಬ್ಬರ ಒತ್ತಾಯದಿಂದ. ಮ್ಯಾಡಿಸನ್ ಸುತ್ತಮುತ್ತ ಇಂಥ ಹತ್ತಾರು ತೋಟಗಳಿವೆ. ಅವುಗಳನ್ನು ಒಟ್ಟುಗೂಡಿಸುವ ಫೇರ್‌ಶೇರ್ ಎಂಬ ಒಕ್ಕೂಟವಿದೆ. ಪಾಲಿಗೆ ಕೊಟ್ಟ ಹಣದಲ್ಲಿ ಒಂದಷ್ಟನ್ನು ಕೆಲವು ಆರೋಗ್ಯ ವಿಮಾ ಕಂಪನಿಗಳು ಹಿಂದಿರುಗಿಸುವ ವ್ಯವಸ್ಥೆಯೂ ಇಲ್ಲಿ ಬೆಳೆದಿದೆ. ಜೂನ್ ತಿಂಗಳ ಮೊದಲ ಪೆಟ್ಟಿಗೆಯಲ್ಲಿ ಮೂಲಂಗಿ, ಪಾಲಕ್, ನವಿಲುಕೋಸು ಬಂದಾಗ ನಾನು ಹಿಗ್ಗಿದ್ದೆ. ಮೂಲಂಗಿ ಸೊಪ್ಪಿನ ಪಲ್ಯ, ನವಿಲುಕೋಸಿನ ಹುಳಿ, ಬೀಟ್‌ರೂಟಿನ ಎಲೆ ಮತ್ತು ಚಾರ್ಡ್ ಎಂಬ ದಪ್ಪ ದಂಟಿನ ಸೊಪ್ಪು ಸೇರಿಸಿದ ಮಸ್ಸೊಪ್ಪು, ಬೆಳ್ಳುಳ್ಳಿ ಗಿಡದ ಎಳೆಯ ಹೂದಂಟಿನ ಗೊಜ್ಜು. ಸಮಸ್ಯೆ ಶುರುವಾದದ್ದು ಮೂರನೆಯ ವಾರವೂ ನವಿಲುಕೋಸು ಬಂದಾಗ, ಜುಲೈನಲ್ಲಿ ವಾರಕ್ಕೆ ಆರು ಝುಕಿನಿ ಬಂದಾಗ, ಅಕ್ಟೋಬರಿನಲ್ಲಿ ಸೆಲೆರಿಯಾಕ್ ಎಂಬ ಗಂಟುಗಂಟಾದ ಗಡ್ಡೆ ಬಂದಾಗ. ಬೇಕಾದದ್ದನ್ನು ಆರಿಸಿಕೊಳ್ಳುವ ಅಭ್ಯಾಸವನ್ನು ಬಿಡುವುದು ಎಷ್ಟು ಕಷ್ಟ ಎಂಬುದು ಅಡುಗೆಮನೆಯಲ್ಲಿ ನಿಂತಾಗಲೇ ಗೊತ್ತಾಗುವುದು. ಮೊದಲ ವರ್ಷ ನಮ್ಮ ಪೆಟ್ಟಿಗೆಯ ಕಾಲುಭಾಗ ಗೊಬ್ಬರದ ಗುಂಡಿ ಸೇರಿತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಇಂಗ್ಲಿಷಿನಲ್ಲಿ ಇದಕ್ಕಿರುವ ‘ಷೇರ್’ ಎಂಬ ಹೆಸರನ್ನು ನಾನು ಬಹಳ ದಿನ ಕಂಪನಿಗಳ ಷೇರು ಎಂಬ ಅರ್ಥದಲ್ಲೇ ಹಿಡಿದಿದ್ದೆ. ಹಣ ಹೂಡಿದ್ದೇವೆ, ಪ್ರತಿಫಲ ಬರಬೇಕು. ಆಗಸ್ಟಿನ ಆ ಪೆಟ್ಟಿಗೆಯ ನಂತರವೇ ಇದರ ಮೂಲವನ್ನು ಓದಲು ಕುಳಿತದ್ದು. ಅಮೆರಿಕದಲ್ಲಿ ‘ಸಮುದಾಯ ಬೆಂಬಲಿತ ಕೃಷಿ’ ಎಂಬ ಹೆಸರಿನಲ್ಲಿ ಈ ಪದ್ಧತಿ ಶುರುವಾದದ್ದು 1986ರಲ್ಲಿ, ಮ್ಯಾಸಚೂಸೆಟ್ಸಿನ ಇಂಡಿಯನ್ ಲೈನ್ ಮತ್ತು ನ್ಯೂ ಹ್ಯಾಂಪ್‌ಶೈರಿನ ಟೆಂಪಲ್-ವಿಲ್ಟನ್ ಎಂಬ ಎರಡು ತೋಟಗಳಲ್ಲಿ. ಅದಕ್ಕೂ ಮೊದಲು, 1970ರ ದಶಕದಲ್ಲಿ, ಜಪಾನಿನ ಗೃಹಿಣಿಯರು ರೈತರೊಂದಿಗೆ ನೇರವಾಗಿ ಒಪ್ಪಂದ ಮಾಡಿಕೊಂಡು ತೇಯ್ಕೇ ಎಂಬ ಪದ್ಧತಿಯನ್ನು ಕಟ್ಟಿದ್ದರು. ಅಲಬಾಮದಲ್ಲಿ ಬೂಕರ್ ವಾಟ್ಲಿ ಎಂಬ ಕಪ್ಪು ಜನಾಂಗದ ಕೃಷಿ ಪ್ರಾಧ್ಯಾಪಕರು, ಸಣ್ಣ ರೈತ ಉಳಿಯಬೇಕಾದರೆ ಮುಂಗಡವಾಗಿ ಹಣ ಕೊಡುವ ಸದಸ್ಯ ಕುಟುಂಬಗಳನ್ನು ಕಟ್ಟಿಕೊಳ್ಳಬೇಕು ಎಂದು ಹೇಳುತ್ತಾ ಬಂದಿದ್ದರು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಟೆಂಪಲ್-ವಿಲ್ಟನ್ನಿನ ಕ್ರಮ. ಅಲ್ಲಿ ಪಾಲಿಗೆ ನಿಗದಿಯಾದ ಬೆಲೆಯೇ ಇಲ್ಲ. ವರ್ಷದ ಆರಂಭದ ಸಭೆಯಲ್ಲಿ ರೈತರು ತೋಟದ ಇಡೀ ಖರ್ಚನ್ನು, ತಮ್ಮ ಜೀವನದ ಖರ್ಚನ್ನೂ ಸೇರಿಸಿ, ಸದಸ್ಯರ ಮುಂದೆ ಇಡುತ್ತಾರೆ. ಪ್ರತಿ ಮನೆಯವರೂ ತಮ್ಮ ಶಕ್ತಿಗೆ ಅನುಸಾರ ಒಂದು ಮೊತ್ತವನ್ನು ಹೇಳುತ್ತಾರೆ. ಕೂಡಿದಾಗ ಖರ್ಚಿಗೆ ಸಾಲದೇ ಹೋದರೆ ಮತ್ತೊಮ್ಮೆ ಕೇಳುತ್ತಾರೆ. ಹಣ ತುಂಬಿದ ಮೇಲೆ ಬೆಳೆಯನ್ನು ಎಲ್ಲರೂ ತಮ್ಮ ಅಗತ್ಯಕ್ಕೆ ತಕ್ಕಷ್ಟು ಒಯ್ಯುತ್ತಾರೆ. ಅಂದರೆ ಅವರು ಕೊಡುತ್ತಿರುವುದು ತರಕಾರಿಯ ಬೆಲೆಯಲ್ಲ, ಆ ಹೊಲ ಇನ್ನೊಂದು ವರ್ಷ ಹೊಲವಾಗಿ ಉಳಿಯಲು ತಗಲುವ ಖರ್ಚು. ಅದನ್ನು ಓದಿದ ಮೇಲೆ ನನ್ನ ಕಾರಿನೊಳಗಿನ ಲೆಕ್ಕ ತಪ್ಪು ಎಂಬುದಕ್ಕಿಂತ, ತಪ್ಪು ವಸ್ತುವಿನ ಲೆಕ್ಕ ಎಂದು ತಿಳಿಯಿತು.

ಕನ್ನಡದಲ್ಲಿ ಇದಕ್ಕೆ ಷೇರು ಎಂಬ ಮಾತು ಬೇಕಿಲ್ಲ, ಪಾಲು ಇದೆ. ಅದಕ್ಕಿಂತ ಹಳೆಯದಾದ ಆಯ ಎಂಬ ಮಾತೂ ಇದೆ. ನನ್ನ ಅಜ್ಜಿ ಹೇಳುತ್ತಿದ್ದ ಕಣದ ಸುಗ್ಗಿಯ ನೆನಪುಗಳಲ್ಲಿ, ರಾಗಿ ತೂರಿ ರಾಶಿ ಮಾಡಿ, ಮೇಲೆ ಸಗಣಿಯ ಬೆನವನನ್ನು ಇಟ್ಟು ಪೂಜೆ ಮಾಡಿ, ಕೊಳಗದಲ್ಲಿ ಅಳೆಯಲು ತೊಡಗಿದಾಗ ಮೊದಲನೆಯದನ್ನು ಒಂದು ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ರಾಶಿ ಮನೆಗೆ ಹೋಗುವ ಮೊದಲು ಕಮ್ಮಾರ, ಬಡಗಿ, ಅಗಸ, ಕುಂಬಾರ, ಕ್ಷೌರಿಕ, ತೋಟಿ, ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ, ಇವರಿಗೆಲ್ಲ ಕಣದಲ್ಲಿಯೇ ಅವರವರ ಆಯ ಸಲ್ಲಬೇಕಾಗಿತ್ತು. ಬೆಳೆ ಚೆನ್ನಾಗಿ ಆದ ವರ್ಷ ಮೊರ ತುಂಬಿ ಬರುತ್ತಿತ್ತು, ಮಳೆ ಕೈಕೊಟ್ಟ ವರ್ಷ ಅರೆ ಮೊರ. ವರ್ಷವಿಡೀ ಮಾಡಿದ ಕೆಲಸಕ್ಕೆ ಹೊಲ ಕೊಟ್ಟದ್ದರಲ್ಲಿ ಪಾಲು. ನಷ್ಟವೂ ಅಲ್ಲಿ ಹಂಚಿಹೋಗುತ್ತಿತ್ತು ಎಂದು ನಾನು ಒಮ್ಮೆ ಉತ್ಸಾಹದಿಂದ ಹೇಳಿದಾಗ, ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು, ತನ್ನ ತಾತ ತೋಟಿಯ ಕೆಲಸ ಮಾಡಿದವರು, ಕಣದ ಅಂಚಿನ ಆಚೆಗೆ ನಿಂತು ಹರಡಿದ ಪಂಚೆಗೆ ಹಾಕಿದಷ್ಟನ್ನು ಕಟ್ಟಿಕೊಂಡು ಬರಬೇಕಾಗಿತ್ತು, ಸಾಲದು ಎನ್ನುವಂತಿರಲಿಲ್ಲ ಎಂದು ಹೇಳಿದಳು. ಅವಳ ಮಾತು ಸರಿ. ಹುಟ್ಟಿನಿಂದ ಬಂದ, ಬಿಡಲಾಗದ ಪಾಲು ಅದು. ಯಾರಿಗೆ ಎಷ್ಟು ಎಂಬುದನ್ನು ರಾಶಿಯ ಒಡೆಯನೇ ಹೇಳುತ್ತಿದ್ದ. ಆ ಕಣ ಮತ್ತೆ ಬರಬೇಕೆಂದು ನಾನು ಬಯಸಲಾರೆ. ಬೇಕಾದಾಗ ಸೇರಬಹುದಾದ, ಬೇಡವಾದಾಗ ಬಿಡಬಹುದಾದ, ಲೆಕ್ಕವೆಲ್ಲ ಎಲ್ಲರ ಮುಂದೆ ತೆರೆದಿರುವ ಕಣವೊಂದು ಇರಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆ.

ಬಿಡಬಹುದು ಎಂಬುದರಲ್ಲಿಯೇ ತೊಡಕೂ ಇದೆ. 2019ರ ಫೆಬ್ರವರಿಯಲ್ಲಿ ನಮ್ಮ ತೋಟದ ನವೀಕರಣದ ಪತ್ರ ಬಂದಾಗ, ಪ್ರವಾಹದ ವರ್ಷದ ಸದಸ್ಯರಲ್ಲಿ ಕೆಲವರು ಮರಳಲಿಲ್ಲ. ಜಗಲಿಯಲ್ಲಿ ಪತ್ರ ಓದಿ ಸುಮ್ಮನೆ ಹೋದವರಲ್ಲಿ ಅವರೂ ಇದ್ದರು. ಅವರನ್ನು ದೂರುವ ಮನಸ್ಸು ನನಗಿಲ್ಲ. 600 ಡಾಲರನ್ನು ಒಂದೇ ಸಲ, ಅದೂ ನಾಲ್ಕು ತಿಂಗಳು ಮುಂಚೆ, ತೆಗೆದಿಡುವುದು ಎಲ್ಲ ಮನೆಗಳಿಗೂ ಆಗದ ಮಾತು. ಕಡಿಮೆ ಆದಾಯದ ಕುಟುಂಬಗಳ ಪಾಲಿನ ಹಣದಲ್ಲಿ ಒಂದು ಭಾಗವನ್ನು ಫೇರ್‌ಶೇರ್ ಒಕ್ಕೂಟ ತಾನೇ ಭರಿಸುವ ಯೋಜನೆ ಇದೆಯಾದರೂ, ಜಗಲಿಗೆ ಬರುವವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು ಎಂಬುದು ಕಣ್ಣಿಗೆ ಕಾಣುವ ಸಂಗತಿ. ಮರುವರ್ಷ, 2020ರ ವಸಂತದಲ್ಲಿ, ಕೊರೊನಾದ ಭಯಕ್ಕೆ ಅಂಗಡಿಗಳ ಕಪಾಟುಗಳು ಖಾಲಿಯಾದಾಗ ಇಂಥ ತೋಟಗಳ ಪಾಲುಗಳೆಲ್ಲ ಕೆಲವೇ ದಿನಗಳಲ್ಲಿ ಮಾರಿಹೋದವು, ಸರದಿ ಪಟ್ಟಿಗಳು ಬೆಳೆದವು. ಅಂಗಡಿ ತುಂಬಿದ ಮೇಲೆ ಆ ಪಟ್ಟಿಗಳೂ ಕರಗಿದವು.

ಅಪ್ಪ ಕೇಳಿದ ಲೆಕ್ಕ

2019ರ ಬೇಸಿಗೆಯಲ್ಲಿ ಅಪ್ಪ, ಅಮ್ಮ ಬಂದಿದ್ದರು. ಸೆಪ್ಟೆಂಬರಿನ ಮೊದಲ ಭಾನುವಾರ ಸದಸ್ಯರನ್ನೆಲ್ಲ ತೋಟಕ್ಕೆ ಕರೆದು, ಬೇಕಾದಷ್ಟು ಟೊಮೆಟೊ ಬಿಡಿಸಿಕೊಂಡು ಹೋಗಿ ಎಂದು ಹೇಳುವ ವಾಡಿಕೆ. ಅಪ್ಪನನ್ನು ಕರೆದುಕೊಂಡು ಹೋದೆ. ಬೂಟು ಬಿಚ್ಚಿಟ್ಟು ಸಾಲಿನೊಳಗೆ ನಡೆದವರು ಮೊದಲು ನೋಡಿದ್ದು ಹಣ್ಣನ್ನಲ್ಲ, ಕಡ್ಡಿ ಮತ್ತು ದಾರವನ್ನು. ನಮ್ಮಲ್ಲಿಯಂತೆಯೇ ಎರಡು ಬದಿಯಿಂದ ದಾರ ಎಳೆದು ಗಿಡವನ್ನು ನಡುವೆ ನಿಲ್ಲಿಸಿದ್ದರು. ಬುಡದ ಎಲೆಯೊಂದನ್ನು ತಿರುಗಿಸಿ, ಕಂದು ಮಚ್ಚೆಯನ್ನು ಬೆರಳಿನಿಂದ ಉಜ್ಜಿ, ‘ಅಂಗಮಾರಿ ಶುರುವಾಗಿದೆ, ಇನ್ನು ಹತ್ತು ದಿನ’ ಎಂದರು. ಅದನ್ನು ನಾನು ರೈತ ಮಹಿಳೆಗೆ ಹೇಳಿದಾಗ ಆಕೆ ತಲೆಯಾಡಿಸಿ, ತನಗೂ ಅದೇ ಅನುಮಾನ ಎಂದಳು. ಔಷಧಿ ಏಕೆ ಹೊಡೆಯಲಿಲ್ಲ ಎಂದು ಅಪ್ಪ ಕೇಳಿದರು. ಸಾವಯವ ತೋಟವೆಂದು ವಿವರಿಸಿದೆ. ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ಬೆಳೆ ಕೈಬಿಡುವುದನ್ನು ಕಣ್ಣಾರೆ ನೋಡುತ್ತಾ ನಿಲ್ಲುವುದು ಹೇಗೆ ಎಂದು ಮನೆಗೆ ಬಂದ ಮೇಲೂ ಹೇಳಿದರು.

ಅವರನ್ನು ಮುಟ್ಟಿದ್ದು ಬೇರೆಯೇ ಒಂದು ಸಂಗತಿ. ಕಾರಿನಲ್ಲಿ ಹಿಂದಿರುಗುವಾಗ ಒಂದೊಂದಾಗಿ ಕೇಳಿದರು. ಎಷ್ಟು ಮನೆಗಳವರು ಸೇರಿದ್ದಾರೆ? ಸುಮಾರು 250. ಮನೆಗೆ ಎಷ್ಟು ಕೊಡುತ್ತೀರಿ? ಹೇಳಿದೆ. ಬೆರಳುಗಳ ಮೇಲೆ ಗುಣಿಸಿ ಮೊತ್ತವನ್ನು ಬಾಯಿಯಲ್ಲಿ ಹೇಳಿಕೊಂಡರು. ಯಾವಾಗ ಕೊಡುತ್ತೀರಿ ಎಂದು ಕೇಳಿದಾಗ, ಬಿತ್ತನೆಗೆ ಮೊದಲು ಎಂದೆ. ಸ್ವಲ್ಪ ದೂರ ಮಾತಿರಲಿಲ್ಲ. ನಂತರ, ‘ಬಡ್ಡಿ ಎಷ್ಟು?’ ಎಂದರು. ಬಡ್ಡಿ ಇಲ್ಲ, ಅದು ಸಾಲವಲ್ಲ ಎಂದೆ. ‘ಬೆಳೆ ಹೋದರೆ ವಾಪಸ್ ಕೊಡಬೇಕಲ್ಲ?’ ಎಂದರು. ಕೊಡಬೇಕಾಗಿಲ್ಲ, ಹೋದ ವರ್ಷ ಹೋಗಿತ್ತು, ಕೊಡಲಿಲ್ಲ ಎಂದೆ. ಆಗ ಅಪ್ಪ ನನ್ನ ಕಡೆ ತಿರುಗಿ, ‘ನೀನು ಕೇಳಲಿಲ್ಲ ತಾನೇ?’ ಎಂದರು. ಕೇಳಲಿಲ್ಲ ಎಂದೆ. ಮನಸ್ಸಿನಲ್ಲಿ ಕೇಳಿದ್ದೆ ಎಂಬುದನ್ನು ಹೇಳಲಾಗಲಿಲ್ಲ.

ಮುಂಗಡ ಎಂಬುದು ಅಪ್ಪನಿಗೆ ಹೊಸದೇನಲ್ಲ. ಬೆಳೆಗೆ ಮೊದಲು ಹಣ ಕೊಡುವವರು ನಮ್ಮಲ್ಲಿಯೂ ಯಾವಾಗಲೂ ಇದ್ದರು. ಹಾಗೆ ಕೊಟ್ಟವರ ಮಂಡಿಗೇ ಹಣ್ಣು ಹಾಕಬೇಕು, ಅವರು ಮುರಿದುಕೊಂಡು ಉಳಿಸಿದ್ದನ್ನು ಪಡೆಯಬೇಕು, ಬೆಳೆ ಹೋದರೆ ಮುಂಗಡ ಸಾಲವಾಗಿ ಮುಂದಿನ ಬೆಳೆಯ ಮೇಲೆ ಕೂರಬೇಕು. ಒಂದೇ ಹಣ, ಒಂದೇ ಕಾಲದಲ್ಲಿ ಕೊಟ್ಟದ್ದು, ಎರಡು ಊರುಗಳಲ್ಲಿ ಎರಡು ಬಗೆಯ ವಸ್ತುವಾಗುತ್ತದೆ. ಬೆಂಗಳೂರಿನ ನನ್ನ ತಂಗಿ ಈಗ ರೈತರಿಂದ ನೇರವಾಗಿ ತರಕಾರಿ ತರಿಸಿಕೊಳ್ಳುತ್ತಾಳೆ. ವಾಟ್ಸಾಪ್ ಗುಂಪಿನಲ್ಲಿ ವಾರದ ಪಟ್ಟಿ ಬರುತ್ತದೆ, ಬೇಕಾದಷ್ಟನ್ನು ಬರೆದರೆ ಮನೆಗೆ ತಲುಪುತ್ತದೆ. ಅವಳು ಕೊಡುವ ಹಣದಲ್ಲಿ ಹೆಚ್ಚಿನ ಭಾಗ ಬೆಳೆದವರಿಗೆ ಸೇರುತ್ತದೆ, ಅದು ಸಣ್ಣ ಮಾತಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಿಂದೆ ಇದ್ದದ್ದೂ ದಲ್ಲಾಳಿಯ ಕೈಯಿಂದ ಬೆಳೆಗಾರರನ್ನು ಬಿಡಿಸಬೇಕೆಂಬ ಅದೇ ಆಸೆ. ಆದರೆ ತಂಗಿ ಒಂದು ವಾರ ಊರಿಗೆ ಹೋದರೆ ಆ ವಾರ ಏನನ್ನೂ ಬರೆಯುವುದಿಲ್ಲ; ಅವಳಿಗಾಗಿ ಬೆಳೆದ ಹುರುಳಿಕಾಯಿ ಮಾತ್ರ ಊರಿಗೆ ಹೋಗಲಾರದು, ಹೊಲದಲ್ಲಿ ಬಲಿಯುತ್ತಲೇ ಇರುತ್ತದೆ.

2023ರ ಜುಲೈ

ಇಷ್ಟನ್ನು ಯೋಚಿಸಿ ಒಂದು ನಿಲುವಿಗೆ ಬಂದಿದ್ದೇನೆ ಎಂದುಕೊಂಡಿದ್ದಾಗ 2023ರ ಜುಲೈ ಬಂದಿತು. ಕೋಲಾರದಲ್ಲಿ 15 ಕೆಜಿಯ ಟೊಮೆಟೊ ಪೆಟ್ಟಿಗೆ 2,000 ರೂಪಾಯಿ ದಾಟಿತು. ನಮ್ಮ ಊರಿನಲ್ಲಿ ರಾತ್ರಿ ಹೊಲಗಳಿಗೆ ಕಾವಲು ಹಾಕಿದರು. ನನ್ನ ದೊಡ್ಡಪ್ಪನ ಮಗ ಎರಡು ಎಕರೆಯ ಬೆಳೆಯಲ್ಲಿ ಆರು ವರ್ಷಗಳ ಸಾಲವನ್ನು ತೀರಿಸಿ, ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಿದ. ಅದೇ ತಿಂಗಳು ಮ್ಯಾಡಿಸನ್ನಿನಲ್ಲಿ ನಮ್ಮ ಪೆಟ್ಟಿಗೆ ಎಂದಿನಂತೆ ಬರುತ್ತಿತ್ತು. ಅದರ ಬೆಲೆ ಫೆಬ್ರವರಿಯಲ್ಲಿಯೇ ನಿಗದಿಯಾಗಿ ಹೋಗಿತ್ತು.

ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ನೂರು ಮನೆಗಳವರು ಬಿತ್ತನೆಗೆ ಮೊದಲೇ ಒಂದು ನ್ಯಾಯವಾದ ಬೆಲೆ ಕೊಟ್ಟಿದ್ದರೆ, ಪೆಟ್ಟಿಗೆ 20 ರೂಪಾಯಿಗೆ ಹೋದ ವರ್ಷ ನಾವು ಉಳಿಯುತ್ತಿದ್ದೆವು. ಆದರೆ ಇಂಥ ವರ್ಷ ಅದೇ ಬೆಲೆಗೆ ಅವರಿಗೆ ಹಣ್ಣು ಕೊಡಬೇಕಾಗುತ್ತಿತ್ತು, ಕೊಡುತ್ತಿದ್ದಿರಾ? ಅಪ್ಪ ಬಹಳ ಹೊತ್ತು ಯೋಚಿಸಿದರು. ಟೊಮೆಟೊ ಹಾಕುವವರೆಲ್ಲ ಕಾಯುವುದು ಈ ಒಂದು ವರ್ಷಕ್ಕೆ, ಐದು ವರ್ಷ ಕಳೆದುಕೊಳ್ಳುವುದು ಇದನ್ನು ನಂಬಿಕೊಂಡೇ, ಆ ಆಸೆಯನ್ನು ಬಿಡಿ ಎಂದರೆ ಸುಲಭವಲ್ಲ ಎಂದರು. ನಾನು ಕೊಳ್ಳುವವರು ಬಿಟ್ಟುಕೊಡಬೇಕಾದದ್ದನ್ನಷ್ಟೇ ಅಲ್ಲಿಯವರೆಗೆ ಎಣಿಸಿದ್ದೆ. ಬೆಳೆಯುವವರು ಬಿಟ್ಟುಕೊಡಬೇಕಾದದ್ದೂ ಇದೆ, ಅದು ಸೆಲೆರಿಯಾಕ್ ಗಡ್ಡೆಗಿಂತ ಬಹಳ ದೊಡ್ಡದು ಎಂಬುದು ಹೊಳೆದಿರಲಿಲ್ಲ.

ನಾಲ್ಕು ದಿನಗಳ ನಂತರ ಅಪ್ಪನ ಧ್ವನಿ ಸಂದೇಶ ಬಂದಿತು. ಮುಳಬಾಗಿಲು ಪೇಟೆಯಲ್ಲಿ ನಲವತ್ತು ಮನೆ ಸಿಕ್ಕರೆ ಸಾಕು ಎಂದು ಶುರುಮಾಡಿದ್ದರು. ಟೊಮೆಟೊ ಒಂದನ್ನೇ ಹಾಕಿದರೆ ಆಗುವುದಿಲ್ಲ. ಸೊಪ್ಪು ನಾಲ್ಕು ಬಗೆ, ಬದನೆ, ಬೆಂಡೆ, ಹೀರೆ, ಚಳಿಗಾಲಕ್ಕೆ ಅವರೆ, ಮೂಲಂಗಿ, ನವಿಲುಕೋಸು ಎಲ್ಲವೂ ಸ್ವಲ್ಪ ಸ್ವಲ್ಪ ಬೇಕು. ಒಂದೂವರೆ ಎಕರೆ ಸಾಕು. ಆಳು ಇಬ್ಬರು ಖಾಯಂ ಇರಬೇಕು, ಅವರ ಕೂಲಿಯನ್ನೂ ಲೆಕ್ಕದಲ್ಲಿ ಬರೆಯಬೇಕು. ತಿಂಗಳಿಗೆ ಮನೆಗೆ 1,200 ರೂಪಾಯಿ ಹಿಡಿದರೆ ಸರಿಹೋಗಬಹುದು. ಹಿನ್ನೆಲೆಯಲ್ಲಿ ಅಮ್ಮ, ಕರಿಬೇವು, ಕೊತ್ತಂಬರಿಗೆ ದುಡ್ಡು ಹಿಡಿಯಬಾರದು, ಅವು ಕೊಸರು ಎನ್ನುವುದು ಕೇಳಿಸುತ್ತಿತ್ತು. ನಂತರ ಅಪ್ಪ ಸ್ವಲ್ಪ ತಡೆದು, ನಮ್ಮ ಕೊಳವೆಬಾವಿ ಮೂರು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ನಿಂತಿತ್ತು, ಜೂನ್‌ವರೆಗೆ ಹನಿ ನೀರಿರಲಿಲ್ಲ, ಅಂಥ ವರ್ಷ ಬಂದರೆ ಎರಡು ತಿಂಗಳು ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ, ಆ ನಲವತ್ತು ಮನೆಗಳವರು ಆಗಲೂ ದುಡ್ಡು ಕೊಡುತ್ತಾರೆಯೇ, ಅಲ್ಲಿಯವರನ್ನು ಕೇಳಿ ಹೇಳು ಎಂದಿದ್ದರು.

ಆ ಗುರುವಾರ ಸಂಜೆ ಜಗಲಿಯಲ್ಲಿ, 2018ರಲ್ಲಿ ಬೆಳ್ಳುಳ್ಳಿ ಬಿಟ್ಟುಹೋಗಿದ್ದ ವೃದ್ಧೆ ಸಿಕ್ಕಿದಳು. ಅವಳಿಗೆ ಅಪ್ಪನ ಪ್ರಶ್ನೆಯನ್ನು ಹೇಳಿದೆ. ಅವಳು ಪೆಟ್ಟಿಗೆಯನ್ನು ಕೆಳಗಿಟ್ಟು, ಎಷ್ಟು ತಿಂಗಳು ಎಂದು ಕೇಳಿದಳು.